ಕೆಂಪಾಗದ ಕಣ್ಣು

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರನ್ನು ಈಗ ಮೊದಲ ದಿನವೇ ಯಂತ್ರದ ಹಿಂದೆ ಕೂರಿಸುತ್ತಾರೆ. ರೋಗಿ ಗಲ್ಲ ಊರಿ, ಹಣೆ ತಾಗಿಸಿ, ಒಳಗೆ ಉದ್ದ ರಸ್ತೆಯ ಕೊನೆಯಲ್ಲಿ ಕಾಣುವ ಬಣ್ಣದ ಬಲೂನನ್ನು ನೋಡುತ್ತಾನೆ. ಯಂತ್ರ ಕಿರ್ ಎಂದು ಒಂದು ಚೀಟಿ ಉಗುಳುತ್ತದೆ. ಚೀಟಿಯಲ್ಲಿ ಕನ್ನಡಕದ ನಂಬರು ಇರುತ್ತದೆ. ಇಬ್ಬರೂ ಬಾಯಿ ಬಿಡಬೇಕಾಗಿಲ್ಲ. ಕಾಚಿಗೂಡದ ನಮ್ಮ ಮನೆಯ ಮೇಲಿನ ಮಹಡಿಯ ಹುಡುಗಿ ಅಂಥದ್ದೇ ಕೋರ್ಸು ಮುಗಿಸಿ ಹೋದ ತಿಂಗಳು ಕೆಲಸಕ್ಕೆ ಸೇರಿದಳು. ಅಂದಿನಿಂದ "ಅತ್ತಿ, ನಿಮ್ಮ ಕಾಲದಾಗ ಹೆಂಗಿತ್ತು ಬರದು ಕೊಡ್ರಿ" ಎಂದು ಬೆನ್ನು ಹತ್ತಿದ್ದಾಳೆ. ಬರೆಯುತ್ತೇನೆ. ಆದರೆ ಓದಿ ಖುಷಿಪಡಲಿ ಎಂದು ಬರೆಯುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ನಾಂಪಲ್ಲಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿ ನೇತ್ರ ಸಹಾಯಕಿಯಾಗಿದ್ದೆ. ದೃಷ್ಟಿ ಅಳೆಯುವುದು, ನಂಬರು ತೆಗೆಯುವುದು, ಕಣ್ಣಿಗೆ ಬಿದ್ದ ಕಸ ತೆಗೆಯುವುದು, ಡಾಕ್ಟರು ಬರುವ ಮೊದಲು ರೋಗಿಯನ್ನು ಸಿದ್ಧ ಮಾಡುವುದು, ಡಾಕ್ಟರು ಹೋದ ಮೇಲೆ ಅವರು ಹೇಳಿದ್ದೇನೆಂದು ರೋಗಿಗೆ ತಿಳಿಸಿ ಹೇಳುವುದು. ಈ ಕೊನೆಯದು ಯಾವ ಪುಸ್ತಕದಲ್ಲೂ ನಮ್ಮ ಕೆಲಸವೆಂದು ಬರೆದಿಲ್ಲ. ನನ್ನ ಅರ್ಧ ಆಯುಷ್ಯ ಅದರಲ್ಲೇ ಹೋಯಿತು.

ಬಲೂನು ಬರುವ ಮೊದಲು ನಂಬರು ತೆಗೆಯುತ್ತಿದ್ದುದು ಕತ್ತಲೆ ಕೋಣೆಯಲ್ಲಿ. ಕಣ್ಣಿನೊಳಗೆ ಬೆಳಕಿನ ಗೆರೆ ಬಿಟ್ಟು ಅದು ಯಾವ ಕಡೆ ಸರಿಯುತ್ತದೆ ಎಂದು ನೋಡುತ್ತಾ, ಒಂದೊಂದೇ ಗಾಜು ಬದಲಿಸುತ್ತಾ ಹೋಗಬೇಕು. ಫ್ಯಾನು ಇಲ್ಲದ ಆ ಕೋಣೆಯಲ್ಲಿ ಬೇಸಿಗೆಯ ದಿನ ರೋಗಿಯ ಬೆವರು, ನಮ್ಮ ಬೆವರು ಒಂದೇ ಆಗುತ್ತಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡವರ ತಲೆಯ ಎರಡೂ ಬದಿ ಮರಳಿನ ಚೀಲ ಇಟ್ಟು ಅಲುಗಾಡದಂತೆ ಮಲಗಿಸುತ್ತಿದ್ದೆವು. ಈಗ ಬೆಳಿಗ್ಗೆ ಬಂದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ. ಇದೆಲ್ಲ ಒಳ್ಳೆಯದೇ ಆಯಿತು. ಹಳೆಯದೆಲ್ಲ ಚಿನ್ನ ಎನ್ನುವ ಪೈಕಿ ನಾನಲ್ಲ.

ಆದರೆ ಯಂತ್ರ ಕಲಿಸದ ಒಂದು ಪಾಠವನ್ನು ನನಗೆ ಒಬ್ಬ ಅಜ್ಜಿ ಕಲಿಸಿದಳು. ಓದಲು ಬಾರದವರಿಗೆಂದು ಒಂದು ಫಲಕ ಇರುತ್ತದೆ. ಇಂಗ್ಲಿಷಿನ ಇ ಅಕ್ಷರ ಅದರಲ್ಲಿ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಪಕ್ಕಕ್ಕೆ ತಿರುಗಿರುತ್ತದೆ. ಅದರ ಕಾಲು ಯಾವ ಕಡೆ ಎಂದು ಕೇಳುತ್ತೇವೆ, ರೋಗಿ ಕೈಯಲ್ಲಿ ತೋರಿಸಬೇಕು. ಆ ಅಜ್ಜಿ ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರದ ತನಕ ಪ್ರತಿ ಸಲವೂ ಕೆಳಗೇ ತೋರಿಸಿದಳು. ಏನೂ ಕಾಣುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಸುಮ್ಮನೆ, ಯಾಕಮ್ಮ ಎಲ್ಲ ಕೆಳಗೇ ತೋರಿಸುತ್ತೀ ಎಂದೆ. "ಕಾಲು ಕೆಳಗ ಇರಲಾರದ ಮ್ಯಾಲ ಇರ್ತಾವೇನವ್ವ?" ಎಂದಳು. ಅಂದಿನಿಂದ ನಾನು ಕಾಲು ಎನ್ನುವುದನ್ನು ಬಿಟ್ಟು, ಬಾಚಣಿಗೆಯ ಹಲ್ಲು ಯಾವ ಕಡೆ ಎಂದು ಕೇಳತೊಡಗಿದೆ. ನಾವು ಏನು ಹೇಳಿದೆವು ಎನ್ನುವುದು ಒಂದು, ಅವರು ಏನು ಕೇಳಿಸಿಕೊಂಡರು ಎನ್ನುವುದು ಇನ್ನೊಂದು ಎಂದು ಆಗ ನಗುತ್ತಲೇ ಕಲಿತೆ. ಮುಂದೆ ಅದನ್ನೇ ಅಳುತ್ತಾ ಕಲಿಯಬೇಕಾಯಿತು. ಈಗ ಹೇಳಹೊರಟಿರುವುದು ಅದನ್ನೇ.

ಊರಿಗೆ ಕಂಪ್ಯೂಟರ್ ಕಂಪನಿಗಳು ಬಂದ ಕಾಲ ಅದು. ಬಂಡೆಗಳಿದ್ದ ಪಶ್ಚಿಮದ ಬಯಲಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಆ ಕಟ್ಟಡಗಳ ಒಳಗೆ ಕೂರುವವರೂ ನಮ್ಮಲ್ಲಿಗೆ ಬಂದರು, ಕಟ್ಟುವವರೂ ನಮ್ಮಲ್ಲಿಗೆ ಬಂದರು. ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರುಗಳಲ್ಲಿ ಕಂಪ್ಯೂಟರ್ ಕಲಿತು ಕೆಲಸ ಹಿಡಿದ ಹುಡುಗರು ಕಣ್ಣು ಉರಿಯುತ್ತದೆ, ಒಣಗುತ್ತದೆ ಎಂದು ಬರುತ್ತಿದ್ದರು. ಅವರಿಗಾಗಿ ಮೇಲಿನ ಮಹಡಿಯಲ್ಲಿ ಎಸಿ ಹಾಕಿದ ಹೊಸ ವಿಭಾಗ ತೆರೆದರು. ಬಲೂನಿನ ಯಂತ್ರ ಮೊದಲು ಬಂದದ್ದು ಅಲ್ಲಿಗೇ. ಕಟ್ಟುವವರು ಕೆಳಗೆ, ಬಾಗಿಲಿನಿಂದ ಗೇಟಿನ ತನಕ ಸಾಲು ನಿಲ್ಲುತ್ತಿದ್ದರು. ಗ್ರೈಂಡರಿನ ಕಿಡಿ, ಕಬ್ಬಿಣದ ಚೂರು, ವೆಲ್ಡಿಂಗಿನ ಬೆಳಕು, ಸಿಮೆಂಟು. ಅವರಲ್ಲಿ ಹೆಚ್ಚಿನವರು ನಮ್ಮ ಕಡೆಯವರು, ಯಾದಗಿರಿ, ಶಹಾಪುರ, ಸೇಡಂ ಕಡೆಯಿಂದ ರೈಲು ಹತ್ತಿ ಬಂದವರು. ತೆಲುಗು ಅಷ್ಟಕ್ಕಷ್ಟೆ, ಹಿಂದಿ ಅದಕ್ಕಿಂತ ಕಡಿಮೆ. ಇಡೀ ಹೊರರೋಗಿ ವಿಭಾಗದಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. ನಮ್ಮ ತಂದೆ ಬೀದರಿನವರು, ಕಾಚಿಗೂಡದಲ್ಲಿ ರೈಲ್ವೆ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರು. ಸಾಲಿನಲ್ಲಿ ಕನ್ನಡ ಕೇಳಿಸಿದ ಕೂಡಲೇ ನಮ್ಮ ಅಟೆಂಡರ್ ಖಾಜಾ ನನ್ನನ್ನು ಕೂಗುತ್ತಿದ್ದ: "ಶಕುಂತಲಾಬಾಯಿ, ಆಪ್ ಕೇ ಲೋಗಾಂ ಆಯೇ." ನಿಮ್ಮ ಜನ ಬಂದರು ಎಂದು. ಮೇಲಿನ ಮಹಡಿ ನೋಡಿ, ಕೆಳಗಿನ ಸಾಲು ನೋಡಿ, ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ನಾನು ಆಗಾಗ ಕುಟುಕುತ್ತಿದ್ದೆ. ಆ ಗಾದೆಯನ್ನು ಆಮೇಲೆ ನಾನು ಬಾಯಲ್ಲಿ ಆಡಿಲ್ಲ.

ನಮ್ಮ ದೊಡ್ಡ ಡಾಕ್ಟರ ಬಗ್ಗೆಯೂ ಹೇಳಬೇಕು. ಕೈ ಅಪರಂಜಿ, ಸಿಟ್ಟು ಮೂಗಿನ ತುದಿಯಲ್ಲಿ. ಬಡವರೆಂದು ಯಾರನ್ನೂ ಕೀಳಾಗಿ ಕಂಡವರಲ್ಲ, ಆದರೆ ಯಾರ ಮಾತನ್ನೂ ಪೂರ್ತಿ ಕೇಳಿದವರೂ ಅಲ್ಲ. ಹಾಳಾಗಿ ಬರುವ ಕಣ್ಣುಗಳನ್ನು ನೋಡಿ ನೋಡಿ ಅವರಿಗೆ ರೋಸಿಹೋಗಿತ್ತು. ಒಬ್ಬ ಎಲೆಯ ರಸ ಹಿಂಡಿಕೊಂಡು ಬರುತ್ತಾನೆ, ಇನ್ನೊಬ್ಬ ಎದೆಹಾಲು ಹಾಕಿಸಿಕೊಂಡು ಬರುತ್ತಾನೆ, ಮತ್ತೊಬ್ಬ ಮೆಡಿಕಲ್ ಶಾಪಿನವನು ಕೊಟ್ಟ ಯಾವುದೋ ಹನಿ ತಿಂಗಳುಗಟ್ಟಲೆ ಬಿಟ್ಟುಕೊಂಡು ಬರುತ್ತಾನೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುವ ಮಾತಿದೆಯಲ್ಲ, ನಮ್ಮಲ್ಲಿ ನಿಜಕ್ಕೂ ಎಣ್ಣೆ ಬಿಟ್ಟುಕೊಂಡೇ ಬರುತ್ತಿದ್ದರು.

ಒಂದು ಮಳೆಗಾಲ ಒಂದೇ ಕಟ್ಟಡದ ಕೆಲಸಗಾರರು ಒಬ್ಬರ ಹಿಂದೆ ಒಬ್ಬರು ಕಣ್ಣಿನ ಹುಣ್ಣು ಮಾಡಿಕೊಂಡು ಬಂದರು. ಕರಿಗುಡ್ಡೆಯ ಮೇಲೆ ಬೆಳ್ಳಗೆ ಕೀವಿನ ಚುಕ್ಕೆ. ಕೊನೆಗೆ ಬಂದವಳು ಇಟ್ಟಿಗೆ ಹೊರುವ ಹುಡುಗಿ, ಮದುವೆಯಾಗಿ ವರ್ಷ ಆಗಿರಲಿಲ್ಲ. ಅವಳ ಹುಣ್ಣು ತೂತಾಗಿ ಕಣ್ಣೇ ತೆಗೆಯಬೇಕಾಯಿತು. ನಿನಗೆ ಯಾರು ಏನು ಹಾಕಿದರು ಎಂದು ಕೇಳಿದೆ. ಯಾರೂ ಏನೂ ಹಾಕಿಲ್ಲ ಎಂದಳು. ಮತ್ತೆ ಮತ್ತೆ ಕೇಳಿದ ಮೇಲೆ, ಹಣಮವ್ವ ಆಯಿ ಕಸ ತೆಗೆದಳು, ಅಷ್ಟೇ ಎಂದಳು. ಹೇಗೆ ತೆಗೆದಳು ಎಂದರೆ, ಇದೇನು ಕೇಳುವ ಮಾತೇ ಎಂಬಂತೆ ನನ್ನ ಮುಖ ನೋಡಿ ನಾಲಿಗೆ ಹೊರಗೆ ಚಾಚಿ ತೋರಿಸಿದಳು.

ನಮ್ಮ ಕಡೆ ಹಳ್ಳಿಗಳಲ್ಲಿ ಇದು ಹಳೆಯ ಪದ್ಧತಿ. ಕಣ್ಣಿಗೆ ಕಸ ಬಿದ್ದರೆ ಅದನ್ನು ನಾಲಿಗೆಯಿಂದ ತೆಗೆಯುವ ಹೆಂಗಸು ಊರಿಗೊಬ್ಬಳು ಇರುತ್ತಾಳೆ. ಹಣಮವ್ವ ಅಂಥವಳು. ಮಗ ಮಲ್ಲಪ್ಪ, ಸೊಸೆ ನಿಂಗಮ್ಮ ದುಡಿಯಲು ಬಂದಾಗ ಅವರ ಜೊತೆ ಬಂದು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದಳು. ಒಂದು ಮಧ್ಯಾಹ್ನ ಖಾಜಾನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಜಗಳಕ್ಕೇ ಹೋದೆ ಎನ್ನಬಹುದು. ಹೋಗಿ ನೋಡಿದರೆ ಆಕೆ ಒಬ್ಬ ಗಾರೆಯವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾಯಿ ಮುಕ್ಕಳಿಸಿದಳು, ಅವನ ರೆಪ್ಪೆ ಹಿಡಿದು ಬಿಡಿಸಿದಳು, ನಾಲಿಗೆಯ ತುದಿಯನ್ನು ರೆಪ್ಪೆಯ ಒಳಗೆ ಈ ಮೂಲೆಯಿಂದ ಆ ಮೂಲೆಗೆ ಎಳೆದಳು. ಅಂಗೈ ಮೇಲೆ ಉಗುಳಿ ಮರಳಿನ ಕಣವನ್ನು ಅವನಿಗೆ ತೋರಿಸಿದಳು. ಅವನು ಅವಳ ಕಾಲು ಮುಟ್ಟಿ ಕೆಲಸಕ್ಕೆ ಓಡಿದ. ಆ ಕೈಚಳಕಕ್ಕೆ ನಾನು ಬೆರಗಾದೆ ಎಂದು ಒಪ್ಪಿಕೊಳ್ಳುತ್ತೇನೆ. ಅವಳ ಬಾಯಲ್ಲಿ ಹುಳುಕು ಹಲ್ಲುಗಳಿದ್ದವು, ದವಡೆಯಲ್ಲಿ ತಂಬಾಕಿತ್ತು. ಅದನ್ನೂ ನೋಡಿದೆ.

ಹುಣ್ಣು ಬಾಯಿಯಿಂದ ಬರುತ್ತದೆ ಎಂದು ಹೇಳಿದ್ದಕ್ಕೆ ಆಕೆ ಸಿಟ್ಟಾಗಲಿಲ್ಲ, ನಂಬಲೂ ಇಲ್ಲ. ತನ್ನ ತಾಯಿ ಸಾಯುವಾಗ ಈ ವಿದ್ಯೆ ಕೊಟ್ಟು ಹೋದಳು, ಕಣ್ಣು ಹಿಡಿದುಕೊಂಡು ಬಂದವರನ್ನು ವಾಪಸ್ಸು ಕಳಿಸಬಾರದು, ಕಳಿಸಿದರೆ ತನ್ನ ಕಣ್ಣೇ ಹೋಗುತ್ತವೆ ಎಂದಳು. ವಾದ ಮಾಡಿ ಪ್ರಯೋಜನವಿಲ್ಲ ಎಂದು ಗೊತ್ತಾಯಿತು. ಆಟೋದಲ್ಲಿ ಕೂರಿಸಿಕೊಂಡು ವಾರ್ಡಿಗೆ ಕರೆತಂದೆ. ಇಟ್ಟಿಗೆ ಹೊರುವ ಆ ಹುಡುಗಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಹಣಮವ್ವ ಮಂಚದ ಪಕ್ಕ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ಇದು ನನ್ನ ನಾಲಿಗಿಂದ ಆತೇನ್ರಿ ಅಕ್ಕೋರೆ?" ಎಂದಳು. ಹೌದು ಆಯಿ ಎಂದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಆಕೆ ಹುಡುಗಿಯ ಪಾದ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಏಳಿಸಲು ಖಾಜಾ, ನಾನು ಇಬ್ಬರೂ ಬೇಕಾಯಿತು.

ಆ ದಿನದಿಂದ ಆಕೆ ಯಾರ ಕಣ್ಣನ್ನೂ ಮುಟ್ಟಲಿಲ್ಲ. ಬರೀ ಅಷ್ಟೇ ಅಲ್ಲ, ಬೇರೆಯವರು ಮುಟ್ಟಲೂ ಬಿಡಲಿಲ್ಲ. ದೊಡ್ಡ ಡಾಕ್ಟರು ಆ ಹುಣ್ಣುಗಳ ಸಿಟ್ಟಿನಲ್ಲಿ ಒಂದು ಬೋರ್ಡು ಬರೆಸಿ ಬಾಗಿಲಲ್ಲಿ ತೂಗುಹಾಕಿಸಿದ್ದರು. ತೆಲುಗಿನಲ್ಲಿತ್ತು. ಅದನ್ನೇ ನಾನು ನಮ್ಮ ಜನರ ಮಾತಿಗೆ ತಿರುಗಿಸಿ ಶೆಡ್ಡಿನಿಂದ ಶೆಡ್ಡಿಗೆ ಹೇಳಿಕೊಂಡು ಬಂದೆ: "ಕಣ್ಣು ಮುಟ್ಟಬ್ಯಾಡ್ರಿ, ಕಣ್ಣಾಗ ಏನೂ ಹಾಕಬ್ಯಾಡ್ರಿ, ಸೀದಾ ದವಾಖಾನಿಗೆ ಬರ್ರಿ." ಹಣಮವ್ವ ಅದನ್ನು ಬಾಯಿಪಾಠ ಮಾಡಿಕೊಂಡಳು. ಹಿಟ್ಟು ನಾದುತ್ತಾ, ನೀರಿನ ಟ್ಯಾಂಕರಿನ ಸಾಲಿನಲ್ಲಿ ನಿಂತು, ಎಲ್ಲರಿಗೂ ಹೇಳುತ್ತಿದ್ದಳಂತೆ. ಮೊದಲು ನಂಬದಿದ್ದವಳು ಈಗ ನಮಗಿಂತ ಹೆಚ್ಚು ನಂಬಿದಳು. ಅವಳು ಕಳಿಸಿದವರು ಕಸ ಬಿದ್ದ ದಿನವೇ ಬರತೊಡಗಿದರು. ನಾವು ಹನಿ ಹಾಕಿ, ಸೂಜಿಯ ಮೊನೆಯಿಂದ ಕಣ ತೆಗೆದು, ಪಟ್ಟಿ ಕಟ್ಟಿ ಕಳಿಸುತ್ತಿದ್ದೆವು. ಹುಣ್ಣುಗಳು ನಿಂತವು. ದೊಡ್ಡ ಡಾಕ್ಟರು ಒಮ್ಮೆ ನನ್ನ ಎದುರಿಗೇ ಶಭಾಷ್ ಎಂದರು. ಅವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಮುಂದಿನ ಬೇಸಿಗೆಯಲ್ಲಿ ಆ ಕಟ್ಟಡ ಮುಗಿಯುವುದಕ್ಕೆ ಬಂತು. ಉದ್ಘಾಟನೆಗೆ ಮಂತ್ರಿಗಳು, ಹೊರದೇಶದ ಅತಿಥಿಗಳು ಬರುತ್ತಾರೆಂದು ಗುತ್ತಿಗೆದಾರ ಎಲ್ಲರನ್ನೂ ಓಡಾಡಿಸುತ್ತಿದ್ದ. ಗಾಜು ತೊಳೆಯುವವರು ತೊಳೆದರು. ಕಾಂಪೌಂಡಿನ ಹಿಂಗೋಡೆ, ದಾರಿಯ ಅಂಚಿನ ಕಲ್ಲು, ಗಿಡದ ಬುಡಗಳಿಗೆ ಸುಣ್ಣ ಬಳಿಯಲು ಮಲ್ಲಪ್ಪನಿಗೆ ಹೇಳಿದರು. ಒಂದು ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದು ಅರಳಿಸಲಿಕ್ಕೆ ಇಟ್ಟ. ಅದು ಕೊತಕೊತ ಕುದಿಯುತ್ತಿರುವಾಗಲೇ ಬೇಗ ಬೇಗ ಎಂದು ಯಾರೋ ಮೇಲಿನಿಂದ ಕೂಗಿದರು. ಮಲ್ಲಪ್ಪ ಕೋಲು ಹಾಕಿ ಕಲಕಿದ. ಡ್ರಮ್ಮಿನ ಸುಣ್ಣ ಸಿಡಿದು ಮುಖಕ್ಕೆಲ್ಲ ಬಿತ್ತು. ಎರಡೂ ಕಣ್ಣು.

ಅಲ್ಲಿ ಆಮೇಲೆ ನಡೆದದ್ದನ್ನು ನನಗೆ ಹೇಳಿದವಳು ನಿಂಗಮ್ಮ. ಆಕೆ ಗಂಡನ ಕೂಗು ಕೇಳಿ ನೀರಿನ ಕೊಡ ಎತ್ತಿಕೊಂಡು ಓಡಿದಳು. ಕೊಡ ತುಂಬಿತ್ತು. ಪಕ್ಕದಲ್ಲಿ ಇನ್ನೊಂದೂ ಇತ್ತು. ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ ಎಂದು ಒಬ್ಬ ಗಾರೆಯವನು ತಡೆದ. ಅವರು ದಿನಾ ಕಣ್ಣಾರೆ ನೋಡುವುದು ಅದನ್ನೇ ಅಲ್ಲವೇ. ನಿಂಗಮ್ಮ ಅವನನ್ನು ನೂಕಿ ಮುಂದೆ ಹೋದಳು. ಆಗ ಹಣಮವ್ವ ಅಡ್ಡ ಬಂದು ಕೊಡವನ್ನೇ ಕಿತ್ತುಕೊಂಡಳು. ಏನೂ ಹಾಕಬಾರದು, ಅಕ್ಕೋರು ಹೇಳಿದ್ದಾರೆ, ಸೀದಾ ದವಾಖಾನೆಗೆ ನಡೆಯಿರಿ ಎಂದಳು. ಮಗನ ಎರಡೂ ಕೈಗಳನ್ನು ಅವನು ಕಣ್ಣು ಉಜ್ಜಿಕೊಳ್ಳದಂತೆ ತನ್ನ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಆಟೋ ಹತ್ತಿದಳು.

ದಾರಿಯಲ್ಲಿ ಮಂತ್ರಿಗಳ ಕಾರುಗಳು ಹೋಗಲಿಕ್ಕೆಂದು ರಸ್ತೆ ತಡೆದಿದ್ದರು. ಆ ಬಿಸಿಲಿನಲ್ಲಿ ಆಟೋ ನಿಂತೇ ಇತ್ತು. ಮಲ್ಲಪ್ಪ ಮೊದಲು ಕಿರುಚುತ್ತಿದ್ದ, ನಮ್ಮ ಗೇಟಿಗೆ ಬರುವಷ್ಟರಲ್ಲಿ ಕಿರುಚಾಟ ನಿಂತಿತ್ತು.

ಖಾಜಾ ಎಂದಿನಂತೆ ನನ್ನನ್ನು ಕೂಗಿದ. ಹಣಮವ್ವ ಮಗನ ಕೈ ಬಿಡದೆಯೇ ನನ್ನ ಮುಂದೆ ನಿಂತಳು. ಮುಖದಲ್ಲಿ ಭಯ ಇತ್ತು, ಆದರೆ ಅದರ ಜೊತೆಗೆ ಇನ್ನೊಂದು ಇತ್ತು. ಪರೀಕ್ಷೆಯಲ್ಲಿ ಎಲ್ಲ ಬರೆದು ಬಂದವರ ಮುಖದಲ್ಲಿ ಇರುತ್ತದಲ್ಲ, ಅದು.

"ನೀವು ಹೇಳಿದಂಗ ಮಾಡೀನ್ರಿ ಅಕ್ಕೋರೆ. ಯಾರಿಗೂ ಮುಟ್ಟಗೊಡಲಿಲ್ಲ. ಒಂದು ಹನಿ ನೀರು ಸುದಾ ಹಾಕಗೊಡಲಿಲ್ಲ." ಆಮೇಲೆ ಮಗನ ರೆಪ್ಪೆ ನನಗೆ ತೋರಿಸುತ್ತಾ, "ಕಣ್ಣು ಕೆಂಪು ಸುದಾ ಆಗಿಲ್ಲ ನೋಡ್ರಿ" ಎಂದಳು.

ಹೊಸಬರೇ, ಇದನ್ನು ಮಾತ್ರ ನೆನಪಿಡಿ. ಸುಣ್ಣ ಬಿದ್ದ ಕಣ್ಣು ಕೆಂಪಗಿದ್ದರೆ ದೇವರಿಗೆ ಕೈ ಮುಗಿಯಿರಿ. ಕೆಂಪು ಎಂದರೆ ಅಲ್ಲಿ ಇನ್ನೂ ರಕ್ತ ಓಡಾಡುತ್ತಿದೆ ಎಂದರ್ಥ. ಬೆಳ್ಳಗೆ, ತೊಳೆದ ಪಿಂಗಾಣಿಯಂತೆ, ನೋವೂ ಇಲ್ಲದೆ ಶಾಂತವಾಗಿದ್ದರೆ ಒಳಗಿನ ನರ, ರಕ್ತನಾಳ ಎಲ್ಲ ಸುಟ್ಟುಹೋಗಿವೆ. ಮಲ್ಲಪ್ಪನ ಕಣ್ಣು ಬೆಳ್ಳಗಿದ್ದವು.

ಮಲಗಿಸಿ, ಬಾಟಲಿಗಟ್ಟಲೆ ಸಲೈನ್ ಬಿಟ್ಟು ತೊಳೆಯತೊಡಗಿದೆ. ರೆಪ್ಪೆ ಮಡಚಿದರೆ ಒಳಗೆ ಸುಣ್ಣದ ಹರಳುಗಳು ಅಂಟಿಕೊಂಡಿದ್ದವು. ಒಂದೊಂದನ್ನೇ ಹತ್ತಿಯ ಕಡ್ಡಿಯಿಂದ ಎಬ್ಬಿಸುತ್ತಿದ್ದೆ. ದೊಡ್ಡ ಡಾಕ್ಟರು ಮೇಲಿನ ಮಹಡಿಯಿಂದ ಓಡಿ ಬಂದರು. ಒಂದು ಸಲ ಬಗ್ಗಿ ನೋಡಿ, ಇವರು ಯಾಕೆ ಅಲ್ಲೇ ತೊಳೆಯಲಿಲ್ಲ, ಬೇಡ ಎಂದವರು ಯಾರು ಎಂದು ತೆಲುಗಿನಲ್ಲಿ ಗದರಿದರು. ನನ್ನ ಕಣ್ಣು ಬಾಗಿಲಿನ ಬೋರ್ಡಿನ ಕಡೆ ಹೋಯಿತು. ಅವರೂ ಅತ್ತ ನೋಡಿದರು. ಆಮೇಲೆ ಅವರು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ತಾವೇ ತೊಳೆಯಲು ನಿಂತರು. ಮಾರನೆಯ ಬೆಳಿಗ್ಗೆ ಬೋರ್ಡು ಅಲ್ಲಿರಲಿಲ್ಲ. ಅದರ ಬಗ್ಗೆ ಯಾವ ಸಭೆಯೂ ನಡೆಯಲಿಲ್ಲ, ಯಾರೂ ಯಾರನ್ನೂ ಕೇಳಲಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ತಪ್ಪು ಒಪ್ಪಿಕೊಳ್ಳುವ ರೀತಿ ಅದು. ಮೊಳೆ ಮಾತ್ರ ಗೋಡೆಯಲ್ಲಿ ಉಳಿದಿತ್ತು.

ಆ ಸಂಜೆ ಹಣಮವ್ವ ವರಾಂಡದಲ್ಲಿ ನನ್ನ ಸೆರಗು ಹಿಡಿದು ಕೇಳಿದಳು, "ನಾ ಸರೀ ಮಾಡೀನಿಲ್ರಿ?" ನಾನು, "ಸರೀನ ಮಾಡೀರಿ ಆಯಿ" ಎಂದೆ. ಸುತ್ತಿ ಬಳಸಿ ಹೇಳಲು ಬಾರದವಳು ನಾನು ಎಂದು ಮೇಲೆ ಬರೆದಿದ್ದೇನೆ. ಸುಳ್ಳು ಹೇಳಲು ಬರುತ್ತದೆ ಎಂದು ಅಂದು ಗೊತ್ತಾಯಿತು. ಆಕೆ ನಿರಾಳವಾಗಿ ಉಸಿರುಬಿಟ್ಟು ಮಗನ ಬಳಿ ಹೋಗಿ ಕೂತಳು.

ಮಲ್ಲಪ್ಪನ ಒಂದು ಕಣ್ಣು ಕರಗಿಹೋಯಿತು. ಇನ್ನೊಂದರಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬಷ್ಟು ಮಾತ್ರ ಗೊತ್ತಾಗುತ್ತಿತ್ತು. ಊರಿಗೆ ಹೋಗಿಬಿಡುತ್ತಾರೆ ಎಂದುಕೊಂಡೆ. ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ ಎನ್ನುವುದೇ ನಿಜ. ಅವರು ಹೋಗಲಿಲ್ಲ. ನಿಂಗಮ್ಮನಿಗೆ ಪಕ್ಕದಲ್ಲೇ ಇನ್ನೊಂದು ಕಟ್ಟಡದಲ್ಲಿ ಕೆಲಸ ಸಿಕ್ಕಿತು. ಹಣಮವ್ವ ಮಗನ ಕೈ ಹಿಡಿದು ನಡೆಸುತ್ತಾ ಅದೇ ಜನರ ನಡುವೆ ಉಳಿದಳು.

ಇತ್ತ ಏನೂ ಹಾಕಬೇಡಿ ಎನ್ನುವ ನಮ್ಮ ಮಾತು ಇನ್ನೂ ಆ ಶೆಡ್ಡುಗಳಲ್ಲಿ ಓಡಾಡುತ್ತಿತ್ತು. ಬೋರ್ಡು ತೆಗೆದರೆ ಮಾತು ಹೋಗುತ್ತದೆಯೇ. ನಾನು ಸರಿ ಎಂದದ್ದರಿಂದ ಹಣಮವ್ವ ಅದನ್ನು ಇನ್ನೂ ಗಟ್ಟಿಯಾಗಿ ಸಾರುತ್ತಿದ್ದಾಳೆ ಎಂದು ಅಲ್ಲಿಂದ ಬಂದವರು ಹೇಳಿದರು. ನಾಳೆ ಇನ್ನೊಬ್ಬನ ಕಣ್ಣಿಗೆ ಸುಣ್ಣ ಸಿಡಿದರೆ ಆಕೆ ಮತ್ತೆ ಕೊಡ ಕಿತ್ತುಕೊಳ್ಳುತ್ತಾಳೆ. ಹೋಗಿ ತಿದ್ದಲೇಬೇಕು. ತಿದ್ದುವುದೆಂದರೆ, ನೀನು ನಿನ್ನ ಕೈಯಾರೆ ಮಗನ ಕಣ್ಣು ಕಳೆದೆ ಎಂದು ಆ ತಾಯಿಗೆ ಹೇಳುವುದು. ತೆಲುಗಿನ ಹುಡುಗನೊಬ್ಬನನ್ನು ಕಳಿಸಿ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. ಅವನು ಹೇಳಿದರೆ ಅವರಿಗೆ ಅರ್ಥವಾಗುತ್ತದೆಯೇ ಎಂದರು. ಅರ್ಧ ಅರ್ಥವಾಗುತ್ತದೆ ಎಂದೆ. ಅರ್ಧ ಅರ್ಥವಾದದ್ದರ ಫಲ ನೋಡಿದೆವಲ್ಲ ಎಂದು ಅವರು ತಲೆ ತಗ್ಗಿಸಿದರು. ಮತ್ತೆ ನಾನೇ ಹೋಗಬೇಕಾಯಿತು.

ಭಾನುವಾರ ಹೋದೆ. ಜನ ಶೆಡ್ಡುಗಳ ನಡುವೆ ನೆರಳಿನಲ್ಲಿ ಕೂತರು. ಹಣಮವ್ವ ಎಲ್ಲರಿಗಿಂತ ಮುಂದೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಳು. ಅಕ್ಕೋರು ಬಂದಾರ, ಸುಮ್ಮನಿರಿ ಎಂದು ಮಾತಾಡುತ್ತಿದ್ದವರನ್ನು ಗದರಿಸಿದಳು ಸಹ. ಮೊದಲು ಆಕೆಯೊಬ್ಬಳನ್ನೇ ಕರೆದು ಹೇಳಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಧೈರ್ಯ ಬರಲಿಲ್ಲ. ಗುಂಪಿನಲ್ಲಿ ಹೇಳಿದರೆ ಯಾರಿಗೋ ಹೇಳಿದಂತಾಗುತ್ತದೆ ಎಂದುಕೊಂಡೆ.

ಕಸ ಬಿದ್ದರೆ ಮುಟ್ಟಬೇಡಿ, ನಮ್ಮಲ್ಲಿಗೆ ಬನ್ನಿ ಎಂದೆ. ಆದರೆ ಸುಣ್ಣ, ಸಿಮೆಂಟು, ಆಸಿಡ್ಡು ಬಿದ್ದರೆ ಅಲ್ಲೇ, ಆ ಕ್ಷಣವೇ ನೀರು ಹಾಕಿ ಎಂದೆ. ರೆಪ್ಪೆ ಬಿಡಿಸಿ ಹಿಡಿದು ಕೊಡದ ಮೇಲೆ ಕೊಡ ಸುರಿಯಿರಿ, ಅವನು ಒದ್ದಾಡಿದರೂ ಬಿಡಬೇಡಿ, ಆಮೇಲೆ ದವಾಖಾನೆ. ಅಂದು ನಿಂಗಮ್ಮನನ್ನು ತಡೆದಿದ್ದ ಗಾರೆಯವನು ಎದ್ದು ನಿಂತು, ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವುದಿಲ್ಲವೇ ಎಂದು ಕೇಳಿದ. ಅವನಿಗೂ ಆ ಉತ್ತರ ಬೇಕಿತ್ತು, ಪಾಪ. ಚಟಾಕು ನೀರಿಗೆ ಕುದಿಯುತ್ತದೆ, ಕೊಡಗಟ್ಟಲೆ ನೀರಿಗೆ ತಣ್ಣಗಾಗಿ ಕೊಚ್ಚಿಹೋಗುತ್ತದೆ ಎಂದೆ. ಡ್ರಮ್ಮಿನ ಪಕ್ಕ ಯಾವಾಗಲೂ ತುಂಬಿದ ಕೊಡ ಇಟ್ಟುಕೊಳ್ಳಿ ಎಂದೂ ಹೇಳಿದೆ.

ಹಣಮವ್ವ ನನ್ನನ್ನೇ ನೋಡುತ್ತಿದ್ದಳು. ಮೊದಲು ತಲೆಯಾಡಿಸುತ್ತಿದ್ದಳು, ಆಮೇಲೆ ತಲೆಯಾಡಿಸುವುದು ನಿಂತಿತು. ಮಲ್ಲಪ್ಪ ಮುಖವನ್ನು ನನ್ನ ದನಿಯ ಕಡೆ ತಿರುಗಿಸಿಕೊಂಡು ಅಲುಗಾಡದೆ ಕೂತಿದ್ದ. ನಿಂಗಮ್ಮ ನೆಲ ನೋಡುತ್ತಿದ್ದಳು. ಎಲ್ಲರಿಗೂ ಅರ್ಥವಾಗಿತ್ತು, ಯಾರೂ ಆಕೆಯ ಕಡೆ ನೋಡಲಿಲ್ಲ.

ಕೊನೆಗೆ ಆಕೆಯೇ ಮಾತಾಡಿದಳು, ಮೆಲ್ಲಗೆ. "ಅವತ್ತು ಕೊಡ ನನ್ನ ಕೈಯಾಗೇ ಇತ್ತಲ್ರಿ ಅಕ್ಕೋರೆ."

"ಹೌದು ಆಯಿ. ತಪ್ಪು ನಮ್ದು. ನಾವು ಹೇಳಿದ್ದೇ ತಪ್ಪಿತ್ತು," ಎಂದೆ.

"ಮತ್ತ ಸರೀ ಮಾಡೀರಿ ಅಂದಿದ್ರಿ."

ಆಕೆ ಎದ್ದಳು, ಮಗನನ್ನು ಎಬ್ಬಿಸಿದಳು, ಅವನ ಭುಜ ಹಿಡಿದು ಶೆಡ್ಡಿನ ಒಳಗೆ ಕರೆದುಕೊಂಡು ಹೋದಳು. ಬಾಗಿಲಿಗೆ ಅಡ್ಡವಾಗಿ ಕಟ್ಟಿದ್ದ ಗೋಣಿಯನ್ನು ಇಳಿಬಿಟ್ಟಳು. ನಾನು ಹೊರಗೆ ಬಹಳ ಹೊತ್ತು ನಿಂತೆ, ಆಯಿ ಆಯಿ ಎಂದು ಕರೆದೆ. ಖಾಜಾ ನನ್ನ ಚೀಲ ಎತ್ತಿಕೊಂಡು, ಚಲೋ ಅಮ್ಮಾ ಎಂದ. ನಾಂಪಲ್ಲಿಯ ತನಕ ಬಸ್ಸಿನಲ್ಲಿ ಅತ್ತೆ. ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ.

ಆಮೇಲೆ ನಾನು ಇನ್ನೂ ಬಹಳ ವರ್ಷ ಕೆಲಸ ಮಾಡಿದೆ. ಕೆಳಗಿನ ವಿಭಾಗಕ್ಕೂ ಬಲೂನಿನ ಯಂತ್ರ ಬಂತು. ಹೊಸ ಬೋರ್ಡು ಬರೆಸುವಾಗ ದೊಡ್ಡ ಡಾಕ್ಟರು ಪ್ರತಿ ಸಾಲನ್ನೂ ಸಾಲಿನಲ್ಲಿ ನಿಂತ ಒಬ್ಬ ಕೂಲಿಯವನಿಗೆ ಓದಿ ಹೇಳಿಸಿ, ಅವನಿಗೆ ಏನು ಅರ್ಥವಾಯಿತೆಂದು ಕೇಳಿ ತಿಳಿದ ಮೇಲೆಯೇ ಒಪ್ಪಿಗೆ ಕೊಟ್ಟರು. ನೀವೂ ಹಾಗೇ ಮಾಡಿ. ನಮ್ಮ ಮಾತು ಕೇಳದ ರೋಗಿಯ ಮೇಲೆ ನಾವು ಸಿಟ್ಟು ಮಾಡಿಕೊಳ್ಳುತ್ತೇವೆ. ನನಗೆ ಈಗಲೂ ಭಯ ಇರುವುದು ಚಾಚೂ ತಪ್ಪದೆ ಕೇಳುವವರ ಬಗ್ಗೆ.

ಆ ಭಾನುವಾರವಾಗಿ ಒಂದು ಮಳೆಗಾಲ ಕಳೆದ ಮೇಲೆ, ಒಂದು ಬೆಳಿಗ್ಗೆ ಖಾಜಾ ನನ್ನನ್ನು ಕೂಗಿದ. ಗೇಟಿನಲ್ಲಿ ಒಬ್ಬ ಕೆಲಸದವನು ನಿಂತಿದ್ದ. ತಲೆಯಿಂದ ಕಾಲಿನ ತನಕ ಒದ್ದೆ, ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣಿಗೆ ಸುಣ್ಣ ಸಿಡಿದಿದೆ ಎಂದ. ಮುಖ ಎತ್ತಿ ಹಿಡಿದು ನೋಡಿದೆ. ಎರಡೂ ಕಣ್ಣು ಕೆಂಡದಂತೆ ಕೆಂಪಗಿದ್ದವು. ಅಷ್ಟು ಕೆಂಪು ಕಣ್ಣು ನೋಡಿ ಯಾರಾದರೂ ಸಂತೋಷಪಟ್ಟಿದ್ದಾರೋ ಇಲ್ಲವೋ, ನಾನು ಪಟ್ಟೆ.

ತೊಳೆಯುತ್ತಿದ್ದಾಗ ಅವನು ದೂರಿಕೊಂಡ. ಒಬ್ಬ ಮುದುಕಿ ತನ್ನನ್ನು ಕೆಡವಿ, ಎದೆಯ ಮೇಲೆ ಮೊಣಕಾಲು ಊರಿ, ಕೊಡದ ಮೇಲೆ ಕೊಡ ಸುರಿದಳು, ಮೂಗು ಬಾಯಿಗೆಲ್ಲ ನೀರು ಹೋಗಿ ಸತ್ತೇ ಹೋಗುತ್ತೇನೆ ಎನಿಸಿತು, ಬೇಡ ಎಂದರೆ ಹೊಡೆದಳು ಎಂದ. ಸುಣ್ಣದ ಡ್ರಮ್ಮು ಇಟ್ಟಲ್ಲೆಲ್ಲ ಆಕೆ ಎರಡು ಕೊಡ ತುಂಬಿಟ್ಟು ಪಕ್ಕದಲ್ಲಿ ಕೂರುತ್ತಾಳಂತೆ. ಕುರುಡ ಮಗನೂ ಪಕ್ಕದಲ್ಲೇ ಕೂತಿರುತ್ತಾನಂತೆ. ಬಾಯಾರಿ ಸಾಯುತ್ತಿದ್ದರೂ ಆ ಕೊಡದಿಂದ ಯಾರಿಗೂ ಕುಡಿಯಲು ಬಿಡುವುದಿಲ್ಲವಂತೆ.

ಹಣಮವ್ವ ನನಗೆ ಏನಾದರೂ ಹೇಳಿ ಕಳಿಸಿದಳೇ ಎಂದು ಕೇಳಿದೆ. ಅವನು ಸಂಕೋಚದಿಂದ ಒದ್ದೆ ಅಂಗಿಯ ಅಂಚು ಹಿಂಡಿದ.

"ನಿಮ್ಮ ಹೆಸರು ತಗದ್ರ ಆಕಿ ಎದ್ದು ಹೋಗ್ತಾಳ್ರಿ ಅಕ್ಕೋರೆ," ಎಂದ.

ನಾನು ಅವನ ರೆಪ್ಪೆ ಮಡಚಿ, ಬೆಳಕು ಬಿಟ್ಟು, ಈ ಮೂಲೆಯಿಂದ ಆ ಮೂಲೆಯ ತನಕ ನೋಡಿದೆ. ಸುಣ್ಣದ ಒಂದು ಹರಳೂ ಉಳಿದಿರಲಿಲ್ಲ.